ಅಣ್ಣ ಒರಗಿದ ಗೋಡೆ

ಅಣ್ಣನ ಬಲಭುಜದ ಮೇಲೆ ಎತ್ತಿನ ಹೆಗಲಿಗೆ ಬೀಳುವಂಥ ಗಟ್ಟಿ ಗಂಟಿತ್ತು. ಅದರ ಮೇಲೆ ಭತ್ತದ ಚೀಲ ಹೊತ್ತು, ತಾನೇ ಗಾಡಿಗೆ ಹೇರಿ, ಬನವಾಸಿ ಕಡೆಯಿಂದ ಶಿರಸಿ ಪೇಟೆಗೆ ಹೊಡೆದುಕೊಂಡು ಹೋಗುತ್ತಿದ್ದ. ಏರು ಬಂದರೆ ಕೆಳಗಿಳಿದು ಎತ್ತಿನ ಜೊತೆ ನಡೆಯುವನು. ‘ಅವಕ್ಕೂ ನಮ್ಮಂಗ ಬೆನ್ನು ಐತಲ್ಲ’ ಎನ್ನುವನು.

ಕಡೆಗೆ ಹೋದದ್ದು ಅವನ ಬೆನ್ನು. ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಚೀಲ ಇಳಿಸುವಾಗ ಜಾರಿ ಬಿದ್ದ. ಹುಬ್ಬಳ್ಳಿಗೆ ಒಯ್ದು ಆಪರೇಷನ್ ಮಾಡಿಸಿದೆವು. ಗಾಯ ಮಾಯಿತು, ಅಂಜಿಕೆ ಹೋಗಲಿಲ್ಲ. ಮಗ್ಗುಲಾಗು ಎಂದರೆ ಉಸಿರು ಕಟ್ಟಿ, ಹಲ್ಲು ಕಚ್ಚಿ, ಮೈಯನ್ನು ಹಲಗೆ ಮಾಡಿಕೊಳ್ಳುವನು. ಹಾಗೆ ಬಿಗಿದಷ್ಟೂ ನೋವು ಹೆಚ್ಚುತ್ತದೆಂದು ಅಲ್ಲಿಯ ನರ್ಸಮ್ಮ ಒಂದು ರೂಢಿ ಕಲಿಸಿ ಕಳಿಸಿದ್ದರು. ಮುಷ್ಟಿ ಬಿಗಿದು ಮೆಲ್ಲಗೆ ಬಿಡಬೇಕು, ಭುಜ ಬಿಗಿದು ಬಿಡಬೇಕು, ಉಸಿರು ಹೊರಹೋಗುವಾಗ ಹೊರಳಬೇಕು. ಪಕ್ಕದಲ್ಲಿ ಯಾರಾದರೂ ಕೂತು ಹೇಳುತ್ತಿರಬೇಕು.

ಮನೆಯಲ್ಲಿದ್ದವಳು ನಾನೊಬ್ಬಳೇ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ನರ್ಸಮ್ಮನ ಮಾತು ನನ್ನ ಬಾಯಿಗೆ ಬರುತ್ತಿರಲಿಲ್ಲ. ಅಣ್ಣನೇ ದಾರಿ ತೋರಿಸಿದ. ನೊಗದಿಂದ ಎತ್ತು ಬಿಚ್ಚುವುದಕ್ಕೆ ನಾವು ಕೊಳ್ಳು ಹರಿಯುವುದು ಎನ್ನುತ್ತೇವೆ.

‘ಗಾಡಿ ಬಿಡೂವಾಗ ಅಂದಂಗ ಅನ್ನು ತಂಗೀ. ಬಲಗೈ ಕೊಳ್ಳು ಹರಿ, ಎಡಗೈ ಕೊಳ್ಳು ಹರಿ. ಅದು ತಿಳೀತೈತಿ ನನಗ.’

ದಿನಾ ಸಂಜೆ ಹಾಗೇ ಅಂದೆ. ಮೊದಲು ಮಗ್ಗುಲಾದ. ಆಮೇಲೆ ಪಡಸಾಲೆಯ ಗೋಡೆಗೆ ಒರಗಿ ಕೂತ. ಕತ್ತು ಬಾಗಿಸಿ, ಕಣ್ಣು ಮುಚ್ಚಿ, ಅಂಗೈಗಳನ್ನು ತೊಡೆಯ ಮೇಲೆ ಬಿಟ್ಟು ಕೂತರೆ ಮುಖ ತಿಳಿಯಾಗುತ್ತಿತ್ತು. ‘ದೀಪಾವಳಿಗೆ ಗಾಡಿ ಹೂಡ್ತೀನಿ ನೋಡು’ ಎಂದ. ನಾನೂ ನಂಬಿದೆ.

ಹಾಗೆ ಕೂತಿದ್ದಾಗಲೇ ನೆರೆಮನೆಯ ದೊಡ್ಡವ್ವ ಮೊರ ಕೇಳಲು ಬಂದು ಹೊಸ್ತಿಲಲ್ಲೇ ನಿಂತುಬಿಟ್ಟಳು.

‘ಅಯ್ಯ ಶಿವನ! ಜೀವ ಇದ್ದಾಂವನ್ನ ಹಿಂಗ ಕುಂದರಸ್ತಾರೇನ? ನಿಮ್ಮಪ್ಪನ್ನ ಕುಂದರಿಸಿದ್ದೂ ಇದ ಗ್ವಾಡಿಗಲ್ಲೇನ?’

ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸುತ್ತೇವೆ. ವಿಭೂತಿ ಹಚ್ಚಿ, ಕೂತಂತೆಯೇ ಮಣ್ಣು ಮಾಡುತ್ತೇವೆ. ಅಪ್ಪ ಹೋಗಿ ವರ್ಷವಾಗಿರಲಿಲ್ಲ.

ಅಣ್ಣ ಕಣ್ಣು ತೆರೆಯದೆ ನಕ್ಕ. ‘ಹೆಣ ಎದ್ದು ಮೊರ ಕೊಡಂಗಿಲ್ಲ ದೊಡ್ಡವ್ವ, ತಂಗೀನ್ನ ಕೇಳು.’

ನನಗೆ ನಗು ಬರಲಿಲ್ಲ, ನೋಡಿದ ಮಂದಿ ಏನೆಂದಾರೋ ಎಂಬ ಅಂಜಿಕೆ ಹೊಕ್ಕಿತು. ಮರುದಿನ ಕರೆದಾಗ ‘ಬ್ಯಾಡಣ್ಣ, ಮಲಕೊಂಡ ಇರು’ ಎಂದೆ.

‘ಒಬ್ಬನ ಆದ್ರ ಅಂಜಿಕಿ ಬರ್ತೈತಿ, ಬಾರವ್ವ.’

ಕೇಳಿಸದವಳ ಹಾಗೆ ಒಲೆಯ ಮುಂದೆ ಕೂತಿದ್ದೆ. ತಾನೇ ಏಳಹೋದ. ಅರ್ಧಕ್ಕೆ ಬೆನ್ನು ಹಿಡಿದುಕೊಂಡಿತು. ಅವನು ಕೂಗಿದ್ದು ಬೀದಿಗೆ ಕೇಳಿಸಿತು.

ಆಮೇಲೆ ಕರೆಯಲಿಲ್ಲ. ನಾನೇ ಹೋಗಿ, ಪಕ್ಕದಲ್ಲಿ ಕೂತು ಹೇಳುತ್ತೇನೆ ಎಂದರೂ ‘ಇರ್ಲಿ ಬಿಡು’ ಎಂದು ಕಣ್ಣು ಮುಚ್ಚಿಕೊಂಡ. ಮೈ ಮತ್ತೆ ಹಲಗೆಯಾಯಿತು. ಬೆನ್ನ ತುಂಬ ಹುಣ್ಣು ಬಿದ್ದವು, ಜ್ವರ ಏರಿತು. ದೀಪಾವಳಿಯ ಹೊತ್ತಿಗೆ ಅವನಿರಲಿಲ್ಲ.

ಅದೇ ಗೋಡೆಗೆ ಕೂರಿಸಿದರು. ದೊಡ್ಡವ್ವನೇ ವಿಭೂತಿ ತಂದಳು. ಎಡಗೈಯಲ್ಲಿ ಲಿಂಗ ಇಡಬೇಕಿತ್ತು. ಮುಷ್ಟಿ ಬಿಗಿದೇ ಇತ್ತು. ಒಂದೊಂದೇ ಬೆರಳು ಬಿಡಿಸುತ್ತ ‘ಎಡಗೈ ಕೊಳ್ಳು ಹರಿ ಅಣ್ಣಾ’ ಎಂದೆ. ಪಡಸಾಲೆಯ ತುಂಬ ಜನ ನೋಡುತ್ತಿದ್ದರು. ಹೇಳಲು ಆಗ ನನಗೆ ಯಾರ ಅಂಜಿಕೆಯೂ ಆಗಲಿಲ್ಲ.