ಅತ್ತೆಯ ಫೋಟೋ, ನನ್ನ ಟ್ಯಾಬ್

ಗೆಳೆಯರೇ, ಕಂಪ್ಯೂಟರ್ ನಿಧಾನವಾಗಿದೆಯೆಂದು ಇವತ್ತು ನಾನು ಅತ್ತೆಯ ಫೋಟೋಗಳನ್ನು ದೂರಿದೆ. ಮೇಲೂರಿನಲ್ಲಿ ರೇಷ್ಮೆ ಹುಳ ಸಾಕುವ ಅವರು ಪ್ರತಿ ಬೆಳೆಗೂ ಗೂಡು ತುಂಬಿದ ಬಿದಿರಿನ ಚಂದ್ರಿಕೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ನನ್ನ ಕಂಪ್ಯೂಟರಿಗೆ ಹಾಕಿಸುತ್ತಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಕ್ಕೂ, "ಇದು ಬೇಕಾ ಅತ್ತೆ?" ಎಂದೆ.

"ಅದನ್ನ ಅಳಿಸ್ಬೇಡ ಕಣಮ್ಮ, ನಿಮ್ಮಾವ ಇದ್ದಾಗಿನ ಕೊನೇ ಬೆಳೆ ಅದು."

ಅಷ್ಟರಲ್ಲಿ ಶಿಡ್ಲಘಟ್ಟದಿಂದ ರಿಪೇರಿಯವರು ಬಂದು ನೋಡಿದರು. "ಮೇಡಂ, ಡಿಸ್ಕ್ ಅರ್ಧ ಖಾಲಿ ಇದೆ. ಫೋಟೋಗಳು ಅಲ್ಲಿ ಸುಮ್ನೆ ಬಿದ್ದಿರ್ತವೆ. ಕೆಲಸ ನಡೆಯೋದು ರ‍್ಯಾಮಲ್ಲಿ. ಅದು ಇರೋದೇ ನಾಲ್ಕು ಜಿಬಿ, ನೀವು ಬ್ರೌಸರಲ್ಲಿ ನಲವತ್ತೇಳು ಟ್ಯಾಬ್ ಓಪನ್ ಮಾಡಿಟ್ಟಿದ್ದೀರ."

ನನಗಿಂತ ಮೊದಲು ಅತ್ತೆಗೆ ಅರ್ಥವಾಯಿತು. "ಅಂದ್ರೆ ಸೊಪ್ಪಿನ ಕೋಣೇಲಿ ಇನ್ನೂ ಜಾಗ ಐತೆ, ನಮ್ ಸೊಸೆ ಒಂದೇ ತಟ್ಟೆಗೆ ಹುಳ ಜಾಸ್ತಿ ಬಿಟ್ಟವ್ಳೆ ಅನ್ನಪ್ಪ!"

ಅವರು ಹೋದ ಮೇಲೆ ಅತ್ತೆ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಒಂದೊಂದು ಟ್ಯಾಬಿಗೂ ಬೆರಳು ತೋರಿಸಿದರು. "ಇದು ಬೇಕೇನಮ್ಮ?"

"ಬೇಕು ಅತ್ತೆ, ಓದಬೇಕು."

"ಯಾವಾಗಿಂದ?"

ಫೋಟೋಗಳೆಲ್ಲ ಉಳಿದವು. ಟ್ಯಾಬುಗಳಲ್ಲಿ ಮೂರು ಉಳಿದಿವೆ, ಅದೂ ಅತ್ತೆಯ ದಾಕ್ಷಿಣ್ಯದಿಂದ. ಕಂಪ್ಯೂಟರ್ ಈಗ ಚೆನ್ನಾಗಿ ಓಡುತ್ತಿದೆ.