ಆರು ಉಂಡಿ, ಒಂದು ತಲೆ

ನಮ್ಮ ದೊಡ್ಡವ್ವ ಹಾಲವ್ವ ಮಕ್ಕಳನ್ನು ಎಣಿಸಲು ಯಾರಿಗೂ ಬಿಡುತ್ತಿರಲಿಲ್ಲ. ಎಣಿಸಿದರೆ ದೃಷ್ಟಿ ತಗಲುತ್ತದೆಂದು ಅವಳ ನಂಬಿಕೆ. ನಮ್ಮೂರು ಹತ್ತಿಮತ್ತೂರಿನ ಮಕ್ಕಳಿಗೆಲ್ಲ ಕೆಮ್ಮು ಬರುವುದು ಮಾಸ್ತರರು ದಿನಾ ಹಾಜರಿ ಕೂಗುವುದರಿಂದಲೇ ಎಂದು ಶಾಲೆಗೇ ಹೋಗಿ ಹೇಳಿಬಂದಿದ್ದಳು. ಕುರಿ ಎಣಿಸಬಹುದು, ಸಗಣಿ ಕುಳ್ಳು ಎಣಿಸಬಹುದು, ಮಕ್ಕಳನ್ನಲ್ಲ. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ಮೈದುನನ ಆರು ಮಕ್ಕಳನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಆ ಆರರಲ್ಲಿ ಶೇಖವ್ವನೆಂಬ ನಾನು ಮೂರನೆಯವಳು. ಅಯ್ಯೋ, ಎಣಿಸಿಯೇಬಿಟ್ಟೆನಲ್ಲ! ಅವಳಿದ್ದಿದ್ದರೆ ಈಗ ತಲೆಗೊಂದು ಮೊಟಕುತ್ತಿದ್ದಳು.

ಐವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ದೊಡ್ಡಪ್ಪ ಉಳವಪ್ಪನಿಗೆ ಒಂದು ಹುಕಿ ಬಂತು. ಶರಣರು ಓಡಾಡಿದ ಊರುಗಳನ್ನು ಮಕ್ಕಳಿಗೆ ತೋರಿಸಬೇಕು. ಸವಣೂರಿನ ಮಠ, ಹಾನಗಲ್ಲಿನ ಮಠ, ಕೊನೆಗೆ ಹಿರೇಕೆರೂರು ತಾಲೂಕಿನ ಅಬ್ಬಲೂರಿನ ಸೋಮೇಶ್ವರ ಗುಡಿ. ಚಕ್ಕಡಿಗೆ ಕಮಾನು ಕಟ್ಟಿಯೇಬಿಟ್ಟ. ನಮ್ಮವ್ವ ನಾಗವ್ವ ಮಾತ್ರ ತಕರಾರು ತೆಗೆದಳು.

"ಯಕ್ಕಾ, ಸಿಟ್ಟಾಗಬ್ಯಾಡ್ರಿ. ಮಕ್ಕಳ ಜ್ವಾಕಿ ಹಡದಾಕಿಗೆ ಗೊತ್ತಿರತೈತಿ. ನಿಮಗ ರೂಢಿ ಇಲ್ರಿ."

ದೊಡ್ಡವ್ವನ ಮುಖ ಸಣ್ಣದಾಯಿತು. ನಮ್ಮಲ್ಲಿ ಕಿರಿಯವನಾದ ನಾಲ್ಕು ವರ್ಷದ ಗುದ್ಲೆಪ್ಪನನ್ನು ತನ್ನ ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತೇನೆಂದು ಅವಳು ಎರಡು ವರ್ಷದಿಂದ ಕೇಳುತ್ತಿದ್ದಳು. ಇದೇ ಮಾತು ಹೇಳಿ ಅವ್ವ ಒಪ್ಪಿರಲಿಲ್ಲ. ಈಗ ದೊಡ್ಡವ್ವ ಪಟ್ಟು ಹಿಡಿದಳು. "ಎಲ್ಲಾರ್ನೂ ನೆಟ್ಟಗ ಕರಕೊಂಡು ಬರ್ತೇನಿ. ಬಂದ್ರ ಗುದ್ಲ್ಯಾ ನನ್ನ ಕಡೆ ಮಲಗಬೇಕು. ಹೂಂ ಅನ್ನು."

"ಹೂಂ. ಒಬ್ಬರಿಗೆ ಹೆಚ್ಚುಕಡಿಮಿ ಆದ್ರೂ ಮತ್ತ ಆ ಮಾತು ಎತ್ತಂಗಿಲ್ಲ ನೋಡ್ರಿ."

ಎಣಿಸದೆ ಕಾಯುವುದು ಹೇಗೆ? ದೊಡ್ಡವ್ವ ಉಪಾಯ ಹೂಡಿದಳು. ಶೇಂಗಾ ಉಂಡಿ ಕಟ್ಟಿ, ಆರಾರರಂತೆ ಸಣ್ಣ ಸಣ್ಣ ಗಂಟು ಮಾಡಿದಳು. ಪ್ರತಿ ಊರಿನಿಂದ ಹೊರಡುವಾಗ ಚಕ್ಕಡಿಯೊಳಗೆ ಒಂದು ಗಂಟು ಬಿಚ್ಚುವುದು, ಕೈಗೊಂದು ಉಂಡಿ ಕೊಡುವುದು. ಗಂಟು ಖಾಲಿಯಾದರೆ ಎಲ್ಲರೂ ಬಂದಂತೆ. ಉಂಡಿಗೆ ದೃಷ್ಟಿಯಾದರೆ ಆಗಲಿ, ಹೇಗಿದ್ದರೂ ಹೊಟ್ಟೆಗೆ ಹೋಗುವಂಥದ್ದು.

ಊರ ಅಗಸಿ ದಾಟುವ ಮೊದಲೇ ಗುದ್ಲೆಪ್ಪ "ಮನಿ ಬಂತಾ?" ಎಂದು ಕೇಳಿದ. ಆಮೇಲೆ ದಾರಿಯುದ್ದಕ್ಕೂ ಅದೇ ಪ್ರಶ್ನೆ. ನಮ್ಮ ಕಿವಿ ತೂತುಬಿದ್ದವು. ದೊಡ್ಡವ್ವ ಮಾತ್ರ ಪ್ರತಿ ಸಲವೂ "ಇನ್ನೂ ಇಲ್ಲ ನನ್ನಪ್ಪಾ" ಎನ್ನುತ್ತಿದ್ದಳು.

ದೊಡ್ಡಪ್ಪನೋ, ಕಲ್ಲು ಕಂಡಲ್ಲೆಲ್ಲ ಚಕ್ಕಡಿ ನಿಲ್ಲಿಸುತ್ತಿದ್ದ. ಸವಣೂರಿನಲ್ಲಿ ನೆಟ್ಟ ಕಲ್ಲೊಂದರ ಮುಂದೆ ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿ, ಅದರ ಮೇಲೆ ಯಾವ ಶರಣರು ಕೈಯಿಟ್ಟಿದ್ದರೆಂದು ಅರ್ಧ ತಾಸು ಹೇಳಿದ. ಪಕ್ಕದ ಎಲೆತೋಟದ ಫಕ್ರುಸಾಬ ಎಲ್ಲ ಕೇಳಿಸಿಕೊಂಡು ಬಂದು, "ಸಾವಕಾರ್ರ, ಅದು ನಾ ಎಮ್ಮಿ ಕಟ್ಟೂ ಕಲ್ಲರಿ" ಎಂದ.

"ಅದಕ್ಕಿಂತ ಮೊದ್ಲು?"

"ಮೊದ್ಲು ನಮ್ಮಪ್ಪ ಕಟ್ತಿದ್ದರಿ."

ಆದರೂ ದೊಡ್ಡಪ್ಪ ನಮ್ಮಿಂದ ಆ ಕಲ್ಲಿಗೆ ಕೈಮುಗಿಸಿಯೇ ಹೊರಡಿಸಿದ. ನಮ್ಮಪ್ಪನ ಮನೆತನದಲ್ಲಿ ಸೋಲು ಒಪ್ಪುವ ಗಂಡಸು ಇನ್ನೂ ಹುಟ್ಟಿಲ್ಲ.

ಮೂರನೆಯ ದಿನ ಅಬ್ಬಲೂರು. ಗುಡಿಯ ಗೋಡೆಯ ಕೆತ್ತನೆ ತೋರಿಸುತ್ತ ದೊಡ್ಡಪ್ಪ ಏಕಾಂತದ ರಾಮಯ್ಯನ ಕತೆ ಹೇಳಿದ. ಶಿವನ ಮೇಲಿನ ಭಕ್ತಿಗೆ ಆತ ತನ್ನ ತಲೆಯನ್ನೇ ಕಡಿದುಕೊಟ್ಟ, ಏಳು ದಿನಕ್ಕೆ ಶಿವ ಅದನ್ನು ತಿರುಗಿ ಕೊಟ್ಟ. ಇಂಥ ಕತೆ ಕೇಳಿದ ಮೇಲೆ ಮಕ್ಕಳು ಸುಮ್ಮನಿರುತ್ತಾರೆಯೇ? ರಾಮಯ್ಯ ಯಾರಾಗುವುದೆಂದು ಜಗಳವೇ ಆಯಿತು. ಗುದ್ಲೆಪ್ಪ ಅತ್ತು ಗೆದ್ದ. ಹಿಂದಿನ ಕಂಬದ ಮರೆಯಲ್ಲಿ ಅವನನ್ನು ಮಲಗಿಸಿ, ಜೋಳದ ದಂಟಿನಿಂದ ಅವನ ತಲೆ ಕಡಿದವಳು ನಾನೇ. ಮುಖದ ಮೇಲೆ ವಸ್ತ್ರ ಹೊದಿಸಿ, "ಏಳು ದಿನ ಅಲ್ಲಾಡಬ್ಯಾಡ" ಎಂದೆ. ಅಷ್ಟರಲ್ಲಿ ಹೊರಗಿನಿಂದ ದೊಡ್ಡವ್ವ "ಉಂಡಿ!" ಎಂದು ಕೂಗಿದಳು. ಉಂಡಿ ಎಂದ ಮೇಲೆ ರಾಮಯ್ಯ ಯಾರಿಗೆ ನೆನಪು?

ಚಕ್ಕಡಿಯೊಳಗೆ ನೂಕುನುಗ್ಗಲು. ಹಿಂದಿನಿಂದ ಒಮ್ಮೆ, ಅಕ್ಕನ ಕಂಕುಳ ಕೆಳಗಿನಿಂದ ಒಮ್ಮೆ ಕೈಚಾಚಿ ನಾನು ಎರಡು ಉಂಡಿ ಹೊಡೆದೆ. ಗಂಟು ಖಾಲಿಯಾಯಿತು. ದೊಡ್ಡವ್ವ ಬಟ್ಟೆ ಝಾಡಿಸಿ ಮಡಚಿಟ್ಟು, "ಹೂಂ, ಹೊಡೀರಿ" ಎಂದಳು.

ಒಂದೂವರೆ ಮೈಲಿ ಹೋಗಿರಬೇಕು. ದೊಡ್ಡಪ್ಪ ಇನ್ನಾವುದೋ ಕಲ್ಲಿನ ಸುದ್ದಿ ಹೇಳುತ್ತಿದ್ದ. ದೊಡ್ಡವ್ವ ಒಮ್ಮೆಲೇ ಅವನ ಭುಜ ಹಿಡಿದಳು.

"ಸುಮ್ನಿರ್ರಿ. ಗುದ್ಲ್ಯಾ ಯಾಕ ಮನಿ ಬಂತಾ ಅಂತ ಕೇಳವಲ್ಲ?"

ತಿರುಗಿ ನೋಡಿದರೆ ಚಕ್ಕಡಿಯಲ್ಲಿ ಗುದ್ಲೆಪ್ಪನೇ ಇಲ್ಲ. ಬಾಯಲ್ಲಿದ್ದ ಎರಡನೆಯ ಉಂಡಿಯನ್ನು ನಾನು ಗುಳಕ್ಕನೆ ನುಂಗಿದೆ. ಆ ಇಕ್ಕಟ್ಟು ದಾರಿಯಲ್ಲಿ ಎತ್ತು ತಿರುಗಿಸಲು ಹೊತ್ತು ಹಿಡಿಯುತ್ತಿತ್ತು. ದೊಡ್ಡವ್ವ ಕಾಯಲಿಲ್ಲ. ಬರಿಗಾಲಲ್ಲೇ ಧುಮುಕಿ, ಸೀರೆ ಎತ್ತಿಕಟ್ಟಿ, ಜಾಲಿಯ ನಡುವಿನ ಕಾಲುದಾರಿ ಹಿಡಿದು ಓಡಿದಳು. ನಾನು ಅಳುತ್ತ ಬೆನ್ನುಹತ್ತಿದೆ.

ಗುದ್ಲೆಪ್ಪ ಮಲಗಿಸಿದಲ್ಲೇ ಮಲಗಿದ್ದ. ಗುಡಿಯ ಕಸ ಹೊಡೆಯುವ ಗುತ್ತೆವ್ವ ಪಕ್ಕದಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತಿದ್ದಳು. "ಈ ಹುಡುಗ ನಿಮ್ದೇನವಾ? ಯಾರ ಮಗ ಅಂತ ಕೇಳಿದ್ರ 'ನನಗ ತಲಿ ಇಲ್ಲ' ಅಂತಾನ. ತಲಿ ಇಲ್ದಾಂವ ವಸ್ತ್ರದ ಬುಡಕ ಮೂರು ಬಾಳಿಹಣ್ಣು ತಿಂದಾನ!"

ದೊಡ್ಡವ್ವ ಅವನ ಕುಂಡಿಗೊಂದು ಬಾರಿಸಿದಳು. ಆಮೇಲೆ ಎದೆಗವುಚಿಕೊಂಡು ಹೋ ಎಂದು ಅತ್ತಳು.

"ಏಳು ದಿನ ಆದವಾ?" ಗುದ್ಲೆಪ್ಪ ಕೇಳಿದ.

"ಆದವು ನನ್ನಪ್ಪಾ, ಆದವು."

ವಾಪಸು ಬರುವಾಗ ದೊಡ್ಡಪ್ಪ ನಮ್ಮೆಲ್ಲರಿಂದ ಆಣೆ ಮಾಡಿಸಿದ, ಮನೆಯಲ್ಲಿ ತುಟಿಪಿಟಕ್ ಎನ್ನಬಾರದು. ದೊಡ್ಡವ್ವ ಆಣೆ ಮಾಡಲಿಲ್ಲ. ಗುದ್ಲೆಪ್ಪನಿಗೆ ಆಣೆಯೆಂದರೇನೆಂದೇ ಗೊತ್ತಿರಲಿಲ್ಲ. ಹೊಸ್ತಿಲಲ್ಲೇ ಒದರಿದ, "ಅವ್ವಾ, ನನ್ನ ತಲಿ ಹೋಗಿತ್ತು! ಎಲ್ಲಾರೂ ನನ್ನ ಬಿಟ್ಟು ಹೋದ್ರು! ದೊಡ್ಡವ್ವ ಬಂದ ಕೂಡ್ಲೆ ತಲಿ ಬಂತು!"

ಅವ್ವ ದೊಡ್ಡವ್ವನ ಕಡೆ ನೋಡಿದಳು. ಹುಡುಗನಾಟ ಎಂದು ತೇಲಿಸಿಬಿಡಬಹುದಿತ್ತು.

"ಖರೇನ ನಾಗವ್ವ. ಬಿಟ್ಟು ಬಂದಿದ್ದೆ. ನೀ ಅಂದಿದ್ದ ಖರೆ ಆತು, ನನಗ ರೂಢಿ ಇಲ್ಲ," ಎಂದು ದೊಡ್ಡವ್ವ ತನ್ನ ಕೋಣೆಯ ಕಡೆ ತಿರುಗಿದಳು.

ನನಗೆ ತಡೆಯಲಾಗಲಿಲ್ಲ. "ಎರಡು ಉಂಡಿ ನಾ ತಿಂದೆ!" ಎಂದು ಚೀರಿದೆ. ಅವ್ವ ನನ್ನ ತೊಡೆ ಚಿವುಟಿದ ಜಾಗ ಇವತ್ತಿಗೂ ತೋರಿಸಬಲ್ಲೆ.

"ಮತ್ತ ಹುಡುಗ ಇಲ್ಲಂತ ಹೆಂಗ ಗೊತ್ತಾತು?" ಅವ್ವ ಕೇಳಿದಳು.

ದೊಡ್ಡಪ್ಪ ಮೊದಲ ಬಾರಿಗೆ ಚಿಕ್ಕದಾಗಿ ಮಾತಾಡಿದ. "ಆಂವ ಮನಿ ಬಂತಾ ಅನ್ನೂದು ನಿಂತಿತ್ತವಾ. ನಮಗ್ಯಾರಿಗೂ ಗೊತ್ತಾಗಲಿಲ್ಲ, ಆಕಿಗೆ ಗೊತ್ತಾತು."

ಅವ್ವ ದೊಡ್ಡವ್ವನ ಕಾಲು ನೋಡಿದಳು. ಅಂಗಾಲ ತುಂಬ ಜಾಲಿಮುಳ್ಳು ಮುರಿದು ಕೂತಿದ್ದವು. "ಕುಂಡ್ರರಿ ಯಕ್ಕಾ," ಎಂದು ಸೂಜಿ ತಂದು, ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ತೆಗೆದಳು. ಮುಳ್ಳು ಮುಗಿದ ಮೇಲೆ ಅವ್ವ ಒಳಗೆ ಹೋಗಿ ಗುದ್ಲೆಪ್ಪ ಹೊದೆಯುವ ಸಣ್ಣ ಕೌದಿ ತಂದು ದೊಡ್ಡವ್ವನ ಮಡಿಲಿಗೆ ಹಾಕಿದಳು.

"ಇವತ್ತೊಂದಿನ ನೋಡೂಣು," ಎಂದಳು.

ಗುದ್ಲೆಪ್ಪನ ಮದುವೆಯಾಗುವ ತನಕ ಆ ಕೌದಿ ನಮ್ಮ ಕೋಣೆಗೆ ತಿರುಗಿ ಬರಲಿಲ್ಲ.