ಜೀಪಿಗೆ ಹಚ್ಚಿದ ವಿಭೂತಿ

ಮಕ್ಕಳೇ, ನಾನು ಚಿಕ್ಕವಳಿದ್ದಾಗ, ಭಕ್ತಿಯಿಂದ ಮಾಡಿದ ಕೆಲಸ ಎಂದೂ ಕೆಡುವುದಿಲ್ಲ ಎಂಬ ಗಂಭೀರ ಸತ್ಯವನ್ನು ನಂಬಿದ್ದೆ. ಆ ನಂಬಿಕೆ ನಮ್ಮೂರು ಕಳಸದಿಂದ ಕೊಟ್ಟಿಗೆಹಾರದವರೆಗೆ ಬಾಳಿಕೆ ಬಂತು.

ಅಂದು ಅಕ್ಕನಿಗೆ ಚಿಕ್ಕಮಗಳೂರಿನ ಶಾಲೆಯೊಂದರಲ್ಲಿ ಟೀಚರ್ ಕೆಲಸದ ಸಂದರ್ಶನ. ಹನ್ನೊಂದಕ್ಕೆ ಸರಿಯಾಗಿ ಹಾಜರಿರಬೇಕು. ಬಸ್ಸನ್ನು ನಂಬದ ಅಪ್ಪ ಜೀಪಿನಲ್ಲೇ ಹೋಗೋಣವೆಂದರು. ಯಾವುದೋ ಎಸ್ಟೇಟು ಬಳಸಿ ಬಿಟ್ಟಿದ್ದ ಹಳೆಯ ಪೆಟ್ರೋಲ್ ಜೀಪು ಅದು. ಒಳಗೆ ಕೂತರೆ ಪೆಟ್ರೋಲು, ಗೋಣಿಚೀಲ, ಕಾಳುಮೆಣಸಿನ ವಾಸನೆ ಒಟ್ಟಿಗೇ ಮೂಗಿಗೆ ಬಡಿಯುತ್ತಿತ್ತು.

ಹೊರಡುವಾಗ ಅಮ್ಮ ವಿಭೂತಿಯನ್ನು ನೀರಿನಲ್ಲಿ ಕಲಸಿ ಅಕ್ಕನ ಹಣೆಗೆ ಹಚ್ಚಿದರು, ಸರ್ಟಿಫಿಕೇಟಿನ ಫೈಲಿಗೂ ಹಚ್ಚಿದರು. ಉಳಿದದ್ದನ್ನು ನನಗೆ ಕೊಟ್ಟು, "ಜೀಪಿಗೂ ಒಂಚೂರು ಹಚ್ಚೇ" ಎಂದರು. ಅಪ್ಪ ಬಾನೆಟ್ ಎತ್ತಿಟ್ಟು, ರೇಡಿಯೇಟರಿಗೆ ನೀರು ತರಲು ಹೋಗಿದ್ದರು. ತಗಡಿಗೆ ಹಚ್ಚಿ ಏನು ಪ್ರಯೋಜನ, ಎಳೆಯುವುದು ಎಂಜಿನ್ನಲ್ಲವೇ ಎಂದು ನಾನು ಯೋಚಿಸಿದೆ. ಕಿಡಿ ಹುಟ್ಟುವುದು ಸ್ಪಾರ್ಕ್ ಪ್ಲಗ್ಗಿನಲ್ಲಿ ಎಂದು ಅಪ್ಪನೇ ಹಿಂದೊಮ್ಮೆ ತೋರಿಸಿದ್ದರು. ನಾಲ್ಕು ಪ್ಲಗ್ಗುಗಳಲ್ಲಿ ಕೈಗೆಟುಕಿದ ಒಂದರ ವೈರ್ ಕಿತ್ತು, ಅದರ ಬಿಳಿ ಪಿಂಗಾಣಿ ಮೈಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ವೈರನ್ನು ಮತ್ತೆ ಸಿಕ್ಕಿಸಿ ಕೈಮುಗಿದೆ.

ಮೊದಲ ಏರಿನಲ್ಲೇ ಜೀಪು ಕೆಮ್ಮತೊಡಗಿತು. ಸೀಟು ಗಡಗಡ ನಡುಗಿತು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆಂದು ಅಪ್ಪ ತೀರ್ಪು ಕೊಟ್ಟರು. ಎರಡನೆಯ ಏರಿನಲ್ಲಿ ಕಾರ್ಬುರೇಟರಿನಲ್ಲಿ ಕಸವಿದೆ ಎಂದರು. ಮೂರನೆಯದರಲ್ಲಿ ಜೀಪು ಮಾರಿದವನ ವಂಶವನ್ನೇ ಅನುಮಾನಿಸಿದರು. ಅಕ್ಕ ಫೈಲನ್ನು ಎದೆಗೊತ್ತಿಕೊಂಡು ವಾಚು ನೋಡುತ್ತಿದ್ದಳು.

ಕೊಟ್ಟಿಗೆಹಾರದ ಗ್ಯಾರೇಜು ಮುಟ್ಟುವಾಗ ಒಂಬತ್ತು ದಾಟಿತ್ತು. ಮೆಕ್ಯಾನಿಕ್ ಚಹಾದ ಲೋಟ ಕೆಳಗಿಡದೆ ಎಂಜಿನ್ನಿಗೆ ಕಿವಿಗೊಟ್ಟ.

"ನಾಲ್ಕಾಳಲ್ಲಿ ಮೂರೇ ಜನ ದುಡೀತಿರೋದು ಮಾರಾಯ್ರೆ. ಒಬ್ಬ ಹಾಜರಿ ಹಾಕ್ಸಿ ಮಲಗಿದಾನೆ."

ಮಲಗಿದವನನ್ನು, ಅಂದರೆ ಕೆಲಸ ಮಾಡದ ಸಿಲಿಂಡರನ್ನು, ಹಿಡಿಯುವ ಉಪಾಯ ಸರಳವಾಗಿತ್ತು. ಎಂಜಿನ್ ಓಡುತ್ತಿರುವಾಗಲೇ, ದಪ್ಪ ರಬ್ಬರಿನ ತುಂಡು ಹಿಡಿದು, ಒಂದೊಂದೇ ಪ್ಲಗ್ಗಿನ ವೈರ್ ತೆಗೆದು ಹಾಕಿದ. ಮೊದಲನೆಯದು ತೆಗೆದಾಗ ಎಂಜಿನ್ ಇನ್ನಷ್ಟು ಕುಂಟಿತು. ಎರಡನೆಯದಕ್ಕೂ ಹಾಗೇ. ಮೂರನೆಯದು ತೆಗೆದರೆ ಏನೂ ಆಗಲಿಲ್ಲ.

"ಇವ್ನೇ. ಇದ್ರೂ ಒಂದೇ, ಇಲ್ದಿದ್ರೂ ಒಂದೇ."

ಎಂಜಿನ್ ನಿಲ್ಲಿಸಿ ಬಗ್ಗಿ ನೋಡಿದ. ಪ್ಲಗ್ಗಿನ ಮೈಮೇಲೆ ಮೂರು ಬೂದಿಗೆರೆಗಳು, ಅವನ್ನು ಸೀಳಿಕೊಂಡು ಕೂದಲೆಳೆಯಂಥ ಒಂದು ಸುಟ್ಟ ಗೆರೆ. ಒಳಗೆ ಹಾರಬೇಕಾದ ಕಿಡಿ ಒದ್ದೆ ವಿಭೂತಿಯ ಮೇಲೆಯೇ ಹರಿದು ಹೊರಗೆ ಹೋಗಿತ್ತು. ಮೆಕ್ಯಾನಿಕ್ ಲೋಟ ಕೆಳಗಿಟ್ಟು ಮೊದಲು ಕೈಮುಗಿದ. "ಇದು ದೊಡ್ಡೋರ ಬೆರಳಲ್ಲ ಮಾರಾಯ್ರೆ" ಎಂದ.

ಅಪ್ಪ ನನ್ನ ಕಡೆ ತಿರುಗಿದರು. ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಎಂಥ ಕೆಲಸ ಮಾಡಿದ್ಯೇ ಮಾರಾಯ್ತಿ!" ಎಂದಳು ಅಕ್ಕ. "ಹಚ್ಚೋಕೆ ಬೇರೆ ಜಾಗ ಸಿಗ್ಲಿಲ್ವಾ?"

"ಜೀಪಿನ ಹಣೆ ಎಲ್ಲಿದೆ ಅಂತ ಗೊತ್ತಾಗಿಲ್ಲ ಅವ್ಳಿಗೆ" ಎಂದರು ಅಪ್ಪ, ನಗದೆ. ಟೂಲ್‌ಬಾಕ್ಸಿನಲ್ಲಿದ್ದ ಇನ್ನೊಂದು ಪ್ಲಗ್ ತೆಗೆದುಕೊಟ್ಟರು.

ಮಕ್ಕಳೇ, ಮೊನ್ನೆ ನಿಮ್ಮ ಕಾರು ಕೆಮ್ಮಿದಾಗ ಗ್ಯಾರೇಜಿನವನು ಸ್ಟೇರಿಂಗಿನ ಕೆಳಗೆ ಒಂದು ವೈರ್ ಚುಚ್ಚಿ, ಕೈಯಲ್ಲಿದ್ದ ಯಂತ್ರದ ಪರದೆ ನೋಡಿ, ಯಾವ ಸಿಲಿಂಡರು ಮಲಗಿದೆಯೆಂದು ಹೇಳಿಬಿಟ್ಟ. ಕೈಗೆ ಮಸಿಯೂ ಹತ್ತಲಿಲ್ಲ. ಯಾರು ಕೆಡಿಸಿದ್ದೆಂದು ಮಾತ್ರ ಆ ಪರದೆ ಹೇಳುವುದಿಲ್ಲ. ನನಗೆ ಆ ಸೌಲಭ್ಯ ಇರಲಿಲ್ಲ.

ಅಕ್ಕ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಶಾಲೆಯ ಗೇಟು ದಾಟಿದಳು. ಕೆಲಸ ಸಿಕ್ಕಿತು.